ಕಾಯಿ ಯಾವುದು, ಹಣ್ಣು ಯಾವುದು? ಪಿಕಲ್‌ಬಾಲ್ ಡಬಲ್ಸ್‌ನಲ್ಲಿ ಹೊಡೆಯುವ ಹೊತ್ತು, ಕಾಯುವ ಹೊತ್ತು

ಪಿಕಲ್‌ಬಾಲ್ ಅಂದರೆ ಚಿಕ್ಕ ಕೋರ್ಟ್‌ನಲ್ಲಿ ಪ್ಯಾಡಲ್ ಹಿಡಿದು ಪ್ಲಾಸ್ಟಿಕ್ ಬಾಲನ್ನು ನೆಟ್ ದಾಟಿಸುವ ಆಟ. ಡಬಲ್ಸ್‌ನಲ್ಲಿ ಒಂದೊಂದು ಕಡೆ ಇಬ್ಬರು. ಹೊಸ ಪಾರ್ಟ್‌ನರ್ ಜೊತೆ ಕೋರ್ಟ್‌ಗೆ ಇಳಿದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಿಮ್ಮದು ಹೊಡೆಯೋ ಆಟನಾ, ಡಿಂಕ್ ಆಟನಾ?" ತುಂಬಾ ದಿನ ನಾನು "ಹೊಡೆಯೋ ಆಟ" ಅಂತಲೇ ಹೇಳುತ್ತಿದ್ದೆ. ಈಗ ಆ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ. ಹೊಡೆಯುವುದಾಗಲಿ ಕಾಯುವುದಾಗಲಿ ಆಟಗಾರರ ಸ್ವಭಾವಕ್ಕೆ ಬಿಟ್ಟ ವಿಷಯವಲ್ಲ. ಅದು ಎದುರಿನಿಂದ ಬರುತ್ತಿರುವ ಬಾಲ್‌ಗೆ ಕೊಡುವ ಉತ್ತರ. ಒಂದೇ ರ‍್ಯಾಲಿಯಲ್ಲಿ ಆರು ಬಾಲ್ ಕಾಯಬೇಕಾಗಬಹುದು, ಏಳನೆಯದನ್ನು ಹೊಡೆಯಲೇಬೇಕಾಗಬಹುದು. ಆ ಏಳನೆಯದನ್ನು ಗುರುತು ಹಿಡಿಯುವುದು ಹೇಗೆ, ಅದು ಬರುವವರೆಗೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹೊಸದಾಗಿ ಆಡುತ್ತಿರುವವರಿಗೆ ಎರಡು ಪದ ಮೊದಲೇ ಹೇಳಿಬಿಡುತ್ತೇನೆ. ನೆಟ್‌ನ ಎರಡೂ ಕಡೆ 7 ಅಡಿ ಅಗಲದ ಜಾಗವನ್ನು ಕಿಚನ್ ಅನ್ನುತ್ತಾರೆ. ಅದರೊಳಗೆ ನಿಂತು ಬಾಲನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಕಿಚನ್ ಗೆರೆಯ ಹತ್ತಿರ ನಿಂತು, ಎದುರಾಳಿಯ ಕಿಚನ್‌ನಲ್ಲಿ ಬೀಳುವ ಹಾಗೆ ಮೆತ್ತಗೆ ದಾಟಿಸುವುದು ಡಿಂಕ್. ಉಳಿದದ್ದು ಓದುತ್ತಾ ಹೋದ ಹಾಗೆ ತಿಳಿಯುತ್ತದೆ.

ಅಳತೆಯಿಂದ ಶುರು ಮಾಡಿ

ಈ ಆಟದಲ್ಲಿ ತಾಳ್ಮೆಗೆ ಯಾಕಿಷ್ಟು ಬೆಲೆ ಅನ್ನುವುದು ಕೋರ್ಟ್‌ನ ಅಳತೆಯಲ್ಲೇ ಇದೆ. ನೆಟ್ ಎರಡೂ ಅಂಚಿನಲ್ಲಿ 36 ಇಂಚು, ನಡುವೆ 34 ಇಂಚು ಎತ್ತರ. ನಾಲ್ಕೂ ಜನ ಕಿಚನ್ ಗೆರೆಗೆ ಬಂದು ನಿಂತಾಗ ನಿಮಗೂ ಎದುರಿನವರಿಗೂ ನಡುವೆ ಇರುವುದು ಸುಮಾರು 14 ಅಡಿ ಅಷ್ಟೇ.

ಈಗ ನಿಮ್ಮ ಮೊಣಕಾಲಿನ ಹತ್ತಿರ ಒಂದು ಬಾಲ್ ಬಂತು ಅಂದುಕೊಳ್ಳಿ. ಅದು ನೆಟ್‌ಗಿಂತ ಕೆಳಗಿದೆ. ಅದನ್ನು ಆಚೆ ದಾಟಿಸಬೇಕಾದರೆ ಮೇಲಕ್ಕೆ ಎತ್ತಲೇಬೇಕು. ಮೇಲಕ್ಕೆ ಎತ್ತುತ್ತಾ ಜೋರಾಗಿ ಹೊಡೆದರೆ ಏನಾಗುತ್ತದೆ? ಒಂದೋ ಅದು ನೆಟ್‌ಗೆ ಸಿಕ್ಕಿಕೊಳ್ಳುತ್ತದೆ, ಇಲ್ಲಾ ಬೇಸ್‌ಲೈನ್ (ಕೋರ್ಟ್‌ನ ಹಿಂದಿನ ಗೆರೆ) ದಾಟಿ ಹೋಗುತ್ತದೆ, ಅದೂ ಇಲ್ಲಾ ಎದುರಿನವರ ಎದೆಮಟ್ಟಕ್ಕೆ ಹೋಗಿ ಕೂರುತ್ತದೆ. ಮೂರನೆಯದೇ ಜಾಸ್ತಿ. ಅವರು ಅದನ್ನು ಕೆಳಮುಖವಾಗಿ ನಿಮ್ಮ ಪಾದಕ್ಕೆ ಹೊಡೆಯುತ್ತಾರೆ. ಹೊಡೆಯಲು ಹೊರಟವರು ನೀವು, ಹೊಡೆದವರು ಅವರು.

ನೆಟ್‌ನ ಮಟ್ಟಕ್ಕಿಂತ ಮೇಲೆ ಸಿಕ್ಕ ಬಾಲ್ ಹಾಗಲ್ಲ. ಅದನ್ನು ಕೆಳಮುಖವಾಗಿ ಹೊಡೆಯಬಹುದು. ಕೆಳಮುಖವಾಗಿ ಹೋದ ಬಾಲನ್ನು ಅವರು ಮತ್ತೆ ಎತ್ತಲೇಬೇಕು. ಇಡೀ ಲೆಕ್ಕ ಇಷ್ಟೇ: ಯಾರು ಬಾಲನ್ನು ಎತ್ತುತ್ತಿದ್ದಾರೆ, ಯಾರು ಇಳಿಸುತ್ತಿದ್ದಾರೆ. ಡಿಂಕ್, ಡ್ರಾಪ್ (ಹಿಂದಿನಿಂದ ಎದುರಿನವರ ಕಿಚನ್‌ಗೆ ಮೆತ್ತಗೆ ಇಳಿಸುವುದು), ರಿಸೆಟ್ (ಜೋರಾಗಿ ಬಂದದ್ದನ್ನು ಮೆತ್ತಗೆ ಮಾಡಿ ಕಿಚನ್‌ಗೆ ಇಳಿಸುವುದು) ಎಲ್ಲವೂ ಎದುರಿನವರು ಎತ್ತುವ ಹಾಗೆ ಮಾಡಲು ಇರುವ ದಾರಿಗಳು.

ಬಾಲ್‌ಗೆ ಹೆಸರಿಡಿ

ನಾನು ಬಾಲ್‌ಗಳನ್ನು ಮೂರು ಹೆಸರಿನಿಂದ ಕರೆಯುತ್ತೇನೆ. ಕಾಯಿ, ದೋರೆಗಾಯಿ, ಹಣ್ಣು. ಸಿಗ್ನಲ್ ದೀಪದ ಬಣ್ಣ ಹೇಳಿ ಕಲಿಸುವವರೂ ಇದ್ದಾರೆ. ನನಗೆ ಇದೇ ಚೆನ್ನಾಗಿ ಹಿಡಿಸಿತು. "ಕಾಯಿ" ಅಂದರೆ ಇನ್ನೂ ಹಣ್ಣಾಗಿಲ್ಲ ಅಂತಲೂ ಆಯಿತು, ಕಾಯುತ್ತಿರು ಅಂತಲೂ ಆಯಿತು.

ಮೊಣಕಾಲಿಗಿಂತ ಕೆಳಗೆ ಸಿಗುವ ಬಾಲ್ ಕಾಯಿ. ಅದನ್ನು ಹೊಡೆಯಬೇಡಿ. ಎಷ್ಟೇ ಆಸೆಯಾದರೂ ಬೇಡ. ಮೆತ್ತಗೆ ವಾಪಸ್ ಕೊಡಿ. ಹೊಟ್ಟೆಗಿಂತ ಮೇಲೆ, ನೆಟ್‌ನ ಮಟ್ಟ ದಾಟಿ, ನಿಮ್ಮ ಮೈಯ ಮುಂದೆ ಸಿಗುವ ಬಾಲ್ ಹಣ್ಣು. ಅದನ್ನು ಬಿಡಬೇಡಿ. ತಾಳ್ಮೆ ಕಲಿಯಲು ಹೊರಟವರು ಇಲ್ಲಿ ಎಡವುತ್ತಾರೆ. ಡಿಂಕ್ ಮಾಡಬೇಕು ಅಂತ ಮನಸ್ಸು ಮಾಡಿಕೊಂಡು, ತಲೆಯ ಮಟ್ಟಕ್ಕೆ ಬಂದದ್ದನ್ನೂ ಮೆತ್ತಗೆ ತಳ್ಳಿಬಿಡುತ್ತಾರೆ. ಎದುರಿನವರ ತಪ್ಪಿಗೆ ದಂಡ ಹಾಕದೆ ಬಿಟ್ಟರೆ ಅವರು ಮತ್ತೆ ಗೆರೆಗೆ ಬಂದು ಸಜ್ಜಾಗಿ ನಿಲ್ಲುತ್ತಾರೆ.

ಇವೆರಡರ ನಡುವಿನದ್ದು ದೋರೆಗಾಯಿ. ಆಟದಲ್ಲಿ ಬರುವ ಕಷ್ಟವೆಲ್ಲ ಇಲ್ಲೇ ಇರುವುದು. ಮೊಣಕಾಲಿಗೂ ನೆಟ್‌ನ ಮಟ್ಟಕ್ಕೂ ನಡುವೆ ಬಂದ ಬಾಲ್‌ಗೆ ಇನ್ನೆರಡು ವಿಷಯ ನೋಡಬೇಕು.

ಒಂದು, ನಿಮ್ಮ ಕಾಲು. ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ ಇವೆಯಾ, ಬಾಲ್ ನಿಮ್ಮ ಮುಂದಿದೆಯಾ? ಹಾಗಿದ್ದರೆ ಹೊಡೆಯುವ ಯೋಚನೆ ಮಾಡಬಹುದು. ಪಕ್ಕಕ್ಕೆ ವಾಲಿ, ಕೈ ಚಾಚಿ, ಹಿಂಗಾಲಿನ ಮೇಲೆ ಭಾರ ಹಾಕಿ ಮುಟ್ಟುತ್ತಿದ್ದರೆ ಅದು ನಿಮ್ಮ ಪಾಲಿಗೆ ಕಾಯಿಯೇ. ನಿಂತ ಕಾಲಿನವರಿಗೆ ಹಣ್ಣಾದದ್ದು ಓಡುವ ಕಾಲಿನವರಿಗೆ ಕಾಯಿ.

ಎರಡು, ನಿಮ್ಮ ಪಾರ್ಟ್‌ನರ್. ಅವರು ನಿಮ್ಮ ಪಕ್ಕದಲ್ಲೇ ಕಿಚನ್ ಗೆರೆಯಲ್ಲಿ ಇದ್ದಾರಾ? ಇಲ್ಲಾ ಹಿಂದಿನ ಬಾಲ್‌ಗೆ ಸೈಡ್‌ಲೈನ್ ಆಚೆ ಹೋಗಿ ಇನ್ನೂ ವಾಪಸ್ ಬರುತ್ತಿದ್ದಾರಾ? ನೀವು ಜೋರಾಗಿ ಹೊಡೆದ ಬಾಲ್ ಅಷ್ಟೇ ಜೋರಾಗಿ ವಾಪಸ್ ಬರುತ್ತದೆ. ಅದು ಖಾಲಿ ಜಾಗಕ್ಕೇ ಬರುತ್ತದೆ. ಪಾರ್ಟ್‌ನರ್ ಜಾಗಕ್ಕೆ ಬರುವವರೆಗೆ ಒಂದು ಎತ್ತರದ, ನಿಧಾನದ ಡಿಂಕ್ ಕೊಟ್ಟು ಸಮಯ ಕೊಡುವುದು ದೊಡ್ಡ ಉಪಕಾರ. ಡಬಲ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾಗುವ ಹೊಡೆತ ಇದು. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಆದರೆ ಪಾಯಿಂಟ್ ಉಳಿಯುತ್ತದೆ.

ಬಾಲ್ ಬಂದ ಮೇಲೆ ಇಷ್ಟೆಲ್ಲ ಯೋಚಿಸಲು ಸಮಯ ಎಲ್ಲಿದೆ ಅಂತ ಕೇಳಬಹುದು. ನಿಜ, ಇಲ್ಲ. ಅದಕ್ಕೇ ಮೂರರಲ್ಲಿ ಎರಡನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ನಿಮ್ಮ ಕಾಲು ಹೇಗಿದೆ, ಪಾರ್ಟ್‌ನರ್ ಎಲ್ಲಿದ್ದಾರೆ ಅನ್ನುವುದು ಎದುರಿನವರು ಬಾಲ್ ಮುಟ್ಟುವ ಮೊದಲೇ ನಿಮಗೆ ಗೊತ್ತಿರುತ್ತದೆ. ಆಮೇಲೆ ಉಳಿಯುವುದು ಎತ್ತರ ಒಂದೇ. ಅದೂ ಎದುರಿನವರ ಪ್ಯಾಡಲ್‌ನ ಮುಖ ನೋಡಿದರೆ ಅರ್ಧ ತಿಳಿಯುತ್ತದೆ. ಅವರು ಚಾಚಿ ಮುಟ್ಟುತ್ತಿದ್ದರೆ, ಪ್ಯಾಡಲ್ ಆಕಾಶ ನೋಡುತ್ತಿದ್ದರೆ, ಬಾಲ್ ಎತ್ತರಕ್ಕೆ ಬರಲಿದೆ. ಆಗಲೇ ನಿಮ್ಮ ಪ್ಯಾಡಲ್ ಎದೆಯ ಮುಂದೆ ಇರಬೇಕು.

ಮೂರನೇ ಹೊಡೆತ: ಡ್ರಾಪಾ, ಡ್ರೈವಾ?

ಸರ್ವ್ ಒಮ್ಮೆ ನೆಲಕ್ಕೆ ಬೀಳಬೇಕು, ರಿಟರ್ನ್ ಕೂಡ ಒಮ್ಮೆ ನೆಲಕ್ಕೆ ಬೀಳಬೇಕು. ಈ ಎರಡು ಪುಟಿತದ ನಿಯಮದಿಂದಾಗಿ ಸರ್ವ್ ಮಾಡಿದ ಜೋಡಿ ಹಿಂದೆಯೇ ಉಳಿಯುತ್ತದೆ, ರಿಟರ್ನ್ ಮಾಡಿದ ಜೋಡಿ ನೆಟ್‌ಗೆ ಬಂದು ನಿಲ್ಲುತ್ತದೆ. ಅಂದರೆ ಸರ್ವ್ ಮಾಡಿದವರು ಹಿಂದೆ ಬಿದ್ದೇ ರ‍್ಯಾಲಿ ಶುರು ಮಾಡುತ್ತಾರೆ. ಮೂರನೇ ಹೊಡೆತದ ಕೆಲಸ ಪಾಯಿಂಟ್ ಗೆಲ್ಲುವುದಲ್ಲ, ನಿಮ್ಮಿಬ್ಬರನ್ನೂ ಮುಂದಕ್ಕೆ ಕರೆದೊಯ್ಯುವುದು.

ರಿಟರ್ನ್ ಆಳವಾಗಿ, ಬೇಸ್‌ಲೈನ್ ಹತ್ತಿರ ಬಂದಿದ್ದು, ಎದುರಿನವರಿಬ್ಬರೂ ಆಗಲೇ ಗೆರೆಯಲ್ಲಿ ಇದ್ದರೆ ಡ್ರಾಪ್ ಹಾಕಿ. ಬಾಲ್‌ನ ಅತಿ ಎತ್ತರದ ಜಾಗ ನಿಮ್ಮ ಕಡೆಯೇ ಇರಬೇಕು. ನೆಟ್ ದಾಟುವಾಗ ಅದು ಇಳಿಯುತ್ತಿರಬೇಕು. ಸ್ವಲ್ಪ ಎತ್ತರವಾದರೂ ಪರವಾಗಿಲ್ಲ, ನೆಟ್‌ಗೆ ಬೀಳುವುದಕ್ಕಿಂತ ವಾಸಿ. ಎತ್ತರದ ಡ್ರಾಪನ್ನು ಅವರು ತಪ್ಪಾಗಿ ಹೊಡೆಯಲೂಬಹುದು, ನೆಟ್‌ಗೆ ಬಿದ್ದದ್ದು ಅಲ್ಲಿಗೇ ಮುಗಿಯಿತು.

ರಿಟರ್ನ್ ಗಿಡ್ಡವಾಗಿ ಬಂದಿದ್ದರೆ, ಅಥವಾ ರಿಟರ್ನ್ ಮಾಡಿದವರು ಇನ್ನೂ ಮುಂದಕ್ಕೆ ಓಡುತ್ತಿದ್ದರೆ ಡ್ರೈವ್, ಅಂದರೆ ಜೋರಾದ ನೇರ ಹೊಡೆತ, ಸರಿ. ಓಡುತ್ತಿರುವವರ ಮೈಗೆ, ಇಲ್ಲವೇ ಇಬ್ಬರ ನಡುವಿಗೆ, ನೆಟ್‌ಗೆ ತಾಗುವಷ್ಟು ಹತ್ತಿರದಲ್ಲಿ ಹೊಡೆಯಿರಿ. ಡ್ರೈವ್ ಹೊಡೆದು ಅಲ್ಲೇ ನಿಂತು ನೋಡುತ್ತಾ ಇರಬೇಡಿ. ಅವರು ತಡೆದು ಕೊಡುವ ಬಾಲ್ ಸಾಮಾನ್ಯವಾಗಿ ಗಿಡ್ಡ ಇರುತ್ತದೆ. ಐದನೇ ಹೊಡೆತವಾಗಿ ಅದನ್ನು ಡ್ರಾಪ್ ಮಾಡುವುದು ಬೇಸ್‌ಲೈನ್‌ನಿಂದ ಡ್ರಾಪ್ ಮಾಡುವುದಕ್ಕಿಂತ ಎಷ್ಟೋ ಸುಲಭ. ಮೂರನೆಯದು ಡ್ರೈವ್, ಐದನೆಯದು ಡ್ರಾಪ್: ಎರಡೂ ಗುಣ ಒಂದರ ಹಿಂದೆ ಒಂದು ಬರುವ ಈ ಜೋಡಿ ಎಲ್ಲರೂ ಕಲಿಯಬೇಕಾದದ್ದು.

ಡ್ರಾಪ್ ಹಾಕಿದ ತಕ್ಷಣ ಕಣ್ಣು ಮುಚ್ಚಿ ನೆಟ್‌ಗೆ ಓಡುವುದು ಇನ್ನೊಂದು ಆತುರ. ಬೇಸ್‌ಲೈನ್‌ನಿಂದ ಕಿಚನ್ ಗೆರೆಗೆ 15 ಅಡಿ. ಒಂದೇ ಉಸಿರಿಗೆ ದಾಟಬೇಕಿಲ್ಲ. ನಾಲ್ಕು ಹೆಜ್ಜೆ ಬನ್ನಿ. ಎದುರಿನವರ ಪ್ಯಾಡಲ್ ಬಾಲ್ ಕಡೆ ಬರುವ ಹೊತ್ತಿಗೆ ನಿಲ್ಲಿ. ಓಡುತ್ತಾ ಮುಟ್ಟಿದ ಬಾಲ್ ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ನಿಂತು ಮುಟ್ಟಿ, ಮೆತ್ತಗೆ ಕಿಚನ್‌ಗೆ ಇಳಿಸಿ, ಮತ್ತೆ ಮುಂದೆ ಬನ್ನಿ. ಎರಡು ಕಂತಿನಲ್ಲಿ ಬಂದರೂ ಸರಿ, ಮೂರು ಕಂತಾದರೂ ಸರಿ.

ರಿಟರ್ನ್ ಮಾಡುವ ಕಡೆಗೆ ಇಷ್ಟು ಕಷ್ಟ ಇಲ್ಲ. ಆಳವಾಗಿ, ಸ್ವಲ್ಪ ಎತ್ತರವಾಗಿ, ನಿಧಾನವಾಗಿ ಕೊಟ್ಟು ಗೆರೆಗೆ ಬನ್ನಿ. ಅಲ್ಲಿ ವೇಗಕ್ಕಿಂತ ಆಳವೇ ಮುಖ್ಯ.

ಕಾಯುವುದು ಅಂದರೆ ಸುಮ್ನೆ ಇರುವುದಲ್ಲ

ತಾಳಿದವನು ಬಾಳಿಯಾನು ಅಂತಾರೆ. ಕಿಚನ್ ಗೆರೆಯಲ್ಲಿ ಸುಮ್ನೆ ತಾಳಿದರೆ ಸಾಲದು. ಬಾಲನ್ನು ಅದೇ ಜಾಗಕ್ಕೆ, ಅದೇ ವೇಗದಲ್ಲಿ ಹತ್ತು ಸಲ ದಾಟಿಸಿದರೆ ನೀವು ಕಾಯುತ್ತಿಲ್ಲ, ಎದುರಿನವರಿಗೆ ಅಭ್ಯಾಸ ಮಾಡಿಸುತ್ತಿದ್ದೀರಿ. ಪ್ರತಿ ಡಿಂಕ್‌ಗೂ ಒಂದು ಉದ್ದೇಶ ಇರಬೇಕು: ಅವರ ಕಾಲು ಕದಲಬೇಕು.

ಮೊದಲಿಗೆ ಅಡ್ಡ ಡಿಂಕ್ ನೆಚ್ಚಿಕೊಳ್ಳಿ. ನೇರ ಎದುರಿಗೆ 14 ಅಡಿ ಇದ್ದರೆ, ಮೂಲೆಯಿಂದ ಮೂಲೆಗೆ 24 ಅಡಿಗಿಂತ ಸ್ವಲ್ಪ ಜಾಸ್ತಿ ಜಾಗ ಸಿಗುತ್ತದೆ. ಮೇಲಾಗಿ ಬಾಲ್ ನೆಟ್‌ನ ತಗ್ಗಾದ ನಡುಭಾಗದ ಕಡೆಯಿಂದ ದಾಟುತ್ತದೆ. ಕೈ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಇಲ್ಲಿಂದ ಎದುರಿನವರ ಹೊರಗಾಲಿನ ಪಕ್ಕಕ್ಕೆ ಒಂದು, ಇನ್ನೂ ಸ್ವಲ್ಪ ಹೊರಗೆ ಇನ್ನೊಂದು ಕೊಡಿ. ಅವರು ಸೈಡ್‌ಲೈನ್ ಕಡೆ ಸರಿದಾಗ ನಡುವೆ ಬಾಗಿಲು ತೆರೆಯುತ್ತದೆ. ಮೂರನೆಯದನ್ನು ಅಲ್ಲಿಗೆ ಕೊಡಿ. ಯಾರು ತೆಗೆದುಕೊಳ್ಳಬೇಕು ಅಂತ ಅವರಿಬ್ಬರೂ ಅರೆಕ್ಷಣ ಅನುಮಾನಿಸಿದರೆ ಸಾಕು, ಬಾಲ್ ಎತ್ತರವಾಗಿ ಬರುತ್ತದೆ. ಅದೇ ನೀವು ಕಾಯುತ್ತಿದ್ದ ಹಣ್ಣು. ಒಂದು ಎಚ್ಚರ ಇರಲಿ. ತೀರಾ ಹೊರಗೆ ಕೊಟ್ಟರೆ ಅವರು ನೆಟ್ ಕಂಬದ ಪಕ್ಕದಿಂದಲೇ ಬಾಲನ್ನು ನಿಮ್ಮ ಕಡೆಗೆ ತಿರುಗಿಸಬಹುದು. ಆ ಹೊಡೆತ ನೆಟ್‌ನ ಮೇಲಿಂದ ಬರಬೇಕೆಂದೇನೂ ಇಲ್ಲ, ನಿಯಮ ಅದನ್ನು ಒಪ್ಪುತ್ತದೆ.

ಬ್ಯಾಕ್‌ಹ್ಯಾಂಡ್ ಕಡೆಯ ಪಾದ ಒಳ್ಳೆ ಗುರಿ. ಅಲ್ಲಿಂದ ಜೋರಾಗಿ ಹೊಡೆಯುವುದು ಹೆಚ್ಚಿನವರಿಗೆ ಕಷ್ಟ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಗೆರೆಯಿಂದ ಹಿಂದೆ ಸರಿಯದೆ, ಕಿಚನ್ ಒಳಗೆ ಕಾಲಿಡದೆ, ಬಾಲನ್ನು ಗಾಳಿಯಲ್ಲೇ ಮೆತ್ತಗೆ ತೆಗೆದುಕೊಂಡು ಡಿಂಕ್ ಮಾಡಿದರೆ ಎದುರಿನವರ ಸಮಯ ಕದ್ದ ಹಾಗೆ. ಹೊಡೆತ ಮೆತ್ತಗಿದೆ, ಆದರೆ ಒತ್ತಡ ಜೋರಾಗಿದೆ. ತಾಳ್ಮೆಯ ಆಟ ಮತ್ತು ಆಕ್ರಮಣದ ಆಟ ಬೇರೆ ಬೇರೆ ಅಲ್ಲ ಅನ್ನುವುದು ನನಗೆ ಅರ್ಥವಾದದ್ದು ಈ ಒಂದು ಹೊಡೆತ ಕಲಿತ ಮೇಲೆ.

ಹೊಡೆಯುವುದಾದರೆ ಹೀಗೆ

ದೋರೆಗಾಯಿಯನ್ನು ಹೊಡೆಯಲು ನಿರ್ಧಾರ ಮಾಡಿದ್ದೀರಿ. ಪೂರ್ತಿ ಬಲ ಹಾಕಬೇಡಿ. ಕೈಯನ್ನು ಹಿಂದಕ್ಕೆ ಎಳೆದರೆ ಎದುರಿನವರಿಗೆ ಸುದ್ದಿ ಮುಟ್ಟಿಬಿಡುತ್ತದೆ. ಡಿಂಕ್ ಮಾಡುವ ಹಾಗೇ ಹೋಗಿ, ಕೊನೆಯಲ್ಲಿ ಮಣಿಕಟ್ಟು ಮತ್ತು ಮುಂಗೈಯಿಂದ ಚುರುಕಾಗಿ ತಳ್ಳಿ. ಇಲ್ಲಿ ಬಲಕ್ಕಿಂತ ಅನಿರೀಕ್ಷಿತವಾಗಿರುವುದು ಮುಖ್ಯ.

ಗುರಿ ಎಲ್ಲಿ? ಸೈಡ್‌ಲೈನ್ ಅಂತೂ ಅಲ್ಲ. ಬಲಗೈ ಆಟಗಾರರಾದರೆ ಅವರ ಬಲ ಸೊಂಟದಿಂದ ಬಲ ಭುಜದವರೆಗಿನ ಜಾಗ. ಅಲ್ಲಿಗೆ ಬಂದ ಬಾಲ್‌ಗೆ ಫೋರ್‌ಹ್ಯಾಂಡೂ ಸರಿಯಾಗಿ ಬರುವುದಿಲ್ಲ, ಬ್ಯಾಕ್‌ಹ್ಯಾಂಡೂ ಬರುವುದಿಲ್ಲ. ಮೊಣಕೈ ರೆಕ್ಕೆಯಂತೆ ಮೇಲೇಳುತ್ತದೆ, ಬಾಲ್ ಎಲ್ಲೋ ಹಾರುತ್ತದೆ. ಎಡಗೈಯವರಾದರೆ ಇದೇ ಲೆಕ್ಕವನ್ನು ತಿರುಗಿಸಿಕೊಳ್ಳಿ. ಹಣ್ಣು ಸಿಕ್ಕಾಗ ಮಾತ್ರ ಗುರಿ ಬೇರೆ: ಪಾದಕ್ಕೆ, ಇಲ್ಲವೇ ಖಾಲಿ ಜಾಗಕ್ಕೆ.

ಹೊಡೆದ ಬಾಲ್ ಎಲ್ಲಿಗೆ ವಾಪಸ್ ಬರುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ. ನೇರ ಎದುರಿನವರ ಮೈಗೆ ಹೊಡೆದರೆ ಉತ್ತರ ಸಾಮಾನ್ಯವಾಗಿ ನಿಮಗೇ ಬರುತ್ತದೆ. ನೀವು ಅದಕ್ಕೆ ಸಿದ್ಧರಿರುತ್ತೀರಿ. ಅಡ್ಡಕ್ಕೆ ಹೊಡೆದರೆ ಉತ್ತರ ನಿಮ್ಮ ಪಾರ್ಟ್‌ನರ್ ಮುಖಕ್ಕೆ ಬರಬಹುದು, ಅವರಿಗೆ ನಿಮ್ಮ ಯೋಚನೆ ಗೊತ್ತೇ ಇರುವುದಿಲ್ಲ. ನಾನು ಹೀಗೆ ಕೇಳದೆ ಹೇಳದೆ ಹೊಡೆದು ಎಷ್ಟೋ ಪಾಯಿಂಟ್‌ಗಳನ್ನು ಕಳೆದಿದ್ದೇನೆ, ಬೈಗುಳ ಮಾತ್ರ ಪಾರ್ಟ್‌ನರ್‌ಗೆ ಬೀಳುತ್ತಿತ್ತು. ಈಗಲೂ ನೆನೆದರೆ ಬೇಜಾರಾಗುತ್ತದೆ. ತಪ್ಪು ಶುರುವಾದದ್ದು ನನ್ನ ಹೊಡೆತದಿಂದ.

ಹೊಡೆದ ಕೂಡಲೇ ಪ್ಯಾಡಲ್ ಎದೆಯ ಮುಂದಕ್ಕೆ ವಾಪಸ್ ಬರಲಿ. ಮೊದಲ ಹೊಡೆತ ಗೆಲ್ಲಿಸುವುದು ಕಡಿಮೆ. ಗೆಲ್ಲಿಸುವುದು ಅದರ ಮುಂದಿನದು.

ಅವರು ಹೊಡೆದಾಗ

ಎದುರಿನವರು ಜೋರಾಗಿ ಹೊಡೆದ ತಕ್ಷಣ ನಮಗೂ ಜೋರಾಗಿ ಹೊಡೆಯಬೇಕು ಅನ್ನಿಸುತ್ತದೆ. ಕೈ ತಾನಾಗೇ ಬಿಗಿಯಾಗುತ್ತದೆ. ಇಲ್ಲಿ ಮೂರು ದಾರಿ ಇವೆ.

ಮೊದಲನೆಯದು ಬಿಡುವುದು. ಅವರು ನೆಟ್‌ಗಿಂತ ಕೆಳಗಿನಿಂದ ಎತ್ತಿ ಹೊಡೆದಿದ್ದು, ಬಾಲ್ ನಿಮ್ಮ ಭುಜದ ಮಟ್ಟದಲ್ಲಿ ಇನ್ನೂ ಏರುತ್ತಾ ಬರುತ್ತಿದ್ದರೆ, ಮುಟ್ಟಬೇಡಿ. ಅದು ಬಹಳ ಸಲ ಹೊರಗೇ ಹೋಗುತ್ತದೆ. ಬಿಡುವುದನ್ನು ಕಲಿಯಲು ಧೈರ್ಯ ಬೇಕು, ಯಾಕೆಂದರೆ ಒಮ್ಮೊಮ್ಮೆ ಅದು ಒಳಗೂ ಬೀಳುತ್ತದೆ. ಆದರೂ ಬಿಡಿ. ಒಂದು ಆಟದಲ್ಲಿ ಎಷ್ಟು ಹೊರಗಿನ ಬಾಲ್ ಮುಟ್ಟಿದಿರಿ ಅಂತ ಲೆಕ್ಕ ಇಟ್ಟು ನೋಡಿ.

ಎರಡನೆಯದು ರಿಸೆಟ್. ಪ್ಯಾಡಲ್ ಹಿಡಿತವನ್ನು ಸಡಿಲ ಮಾಡಿ. ಹತ್ತರಲ್ಲಿ ಮೂರು ಪಾಲು ಬಿಗಿ ಸಾಕು. ಬೀಸಬೇಡಿ, ಬಾಲ್ ಪ್ಯಾಡಲ್‌ಗೆ ತಾಗಿ ಸತ್ತು ಕಿಚನ್‌ನಲ್ಲಿ ಬೀಳಲಿ. ಬಿಗಿ ಹಿಡಿತದಲ್ಲಿ ಇದು ಎಂದಿಗೂ ಬರುವುದಿಲ್ಲ. ಒಳ್ಳೆ ರಿಸೆಟ್ ಆದ ಮೇಲೆ ರ‍್ಯಾಲಿ ಮೊದಲಿನಿಂದ ಶುರುವಾದ ಹಾಗೆ.

ಮೂರನೆಯದು ತಿರುಗಿಸಿ ಹೊಡೆಯುವುದು. ಬಾಲ್ ನಿಮ್ಮ ಮುಂದೆ, ನೆಟ್‌ನ ಮಟ್ಟಕ್ಕಿಂತ ಮೇಲೆ, ನೀವು ಸಮತೂಕದಲ್ಲಿದ್ದಾಗ ಮಾತ್ರ. ಮತ್ತೆ ಅದೇ ಮೂರು ಪ್ರಶ್ನೆ, ನೋಡಿ.

ಪಾರ್ಟ್‌ನರ್ ಜೊತೆ ಮೊದಲೇ ಮಾತಾಡಿ

ಒಬ್ಬರು ಪ್ರತಿ ಬಾಲ್ ಹೊಡೆಯುವವರು, ಇನ್ನೊಬ್ಬರು ಏನೂ ಹೊಡೆಯದವರು ಆದರೆ ಜೋಡಿ ಕೂಡುವುದಿಲ್ಲ ಅಂತೇನಿಲ್ಲ. ಹೇಳದೆ ಆಡಿದರೆ ಮಾತ್ರ ಕೂಡುವುದಿಲ್ಲ. ಆಟಕ್ಕೆ ಮೊದಲು ಎರಡು ನಿಮಿಷ ಸಾಕು. ನಡುವಿನ ಬಾಲ್ ಯಾರದ್ದು? ಇಬ್ಬರೂ ಬಲಗೈಯವರಾದರೆ ಎಡಭಾಗದಲ್ಲಿ ನಿಂತವರ ಫೋರ್‌ಹ್ಯಾಂಡ್ ನಡುವಿಗೆ ಬರುತ್ತದೆ, ಅವರೇ ತೆಗೆದುಕೊಳ್ಳಲಿ. ಹೊಡೆಯಲು ಇಷ್ಟಪಡುವವರು ಆ ಕಡೆ ನಿಂತರೆ ಅನುಕೂಲ. ತಾಳ್ಮೆಯವರು ಬಲಭಾಗದಲ್ಲಿ ನಿಂತು ಬಾಲನ್ನು ತಗ್ಗಿಸುತ್ತಾ, ಹಣ್ಣು ಮಾಡುತ್ತಾ ಹೋಗಲಿ, ಇವರು ಕೀಳಲಿ. ಲಾಬ್ (ತಲೆಯ ಮೇಲಿಂದ ಎತ್ತರವಾಗಿ ಹಿಂದಕ್ಕೆ ಹೋಗುವ ಬಾಲ್) ಬಂದರೆ ಯಾರು ಓಡಬೇಕು ಅನ್ನುವುದನ್ನೂ ಆಗಲೇ ಮುಗಿಸಿಬಿಡಿ.

ಆಟದ ನಡುವೆ ಗಿಡ್ಡ ಮಾತುಗಳು ಸಾಕು. "ನಂದು", "ನಿಂದು", "ಬಿಡು". ಪಾರ್ಟ್‌ನರ್ ದೋರೆಗಾಯಿ ಹೊಡೆದು ಸೋತರೆ ಮುಖ ಗಂಟಿಕ್ಕಬೇಡಿ. ಆ ಹೊಡೆತ ಸರಿಯಿತ್ತಾ ಅಂತ ಮಾತ್ರ ನೋಡಿ. ಸರಿಯಾದ ಬಾಲ್ ಆರಿಸಿ ತಪ್ಪಾಗಿ ಹೊಡೆದಿದ್ದರೆ ಅದು ಕೈಯ ತಪ್ಪು, ಅಭ್ಯಾಸದಿಂದ ಹೋಗುತ್ತದೆ. ತಪ್ಪು ಬಾಲ್ ಆರಿಸಿ ಪಾಯಿಂಟ್ ಗೆದ್ದಿದ್ದರೂ ಅದರ ಬಗ್ಗೆ ಮಾತಾಡಿ, ಆದರೆ ಆಟ ಮುಗಿದ ಮೇಲೆ.

ಸ್ಕೋರ್ ನೋಡಿ ಹದ ಬದಲಿಸಿ

ಹಳೆಯ ಪದ್ಧತಿಯ ಸ್ಕೋರಿಂಗ್‌ನಲ್ಲಿ ಸರ್ವ್ ಮಾಡುವ ಜೋಡಿಗೆ ಮಾತ್ರ ಪಾಯಿಂಟ್. 11ಕ್ಕೆ ಆಟ, 2 ಪಾಯಿಂಟ್ ಅಂತರ ಬೇಕು. ಇದರಿಂದ ಒಂದು ಸೂಕ್ಷ್ಮ ಹುಟ್ಟುತ್ತದೆ. ನೀವು ಸರ್ವ್ ಮಾಡುವಾಗ ತಪ್ಪಿದರೆ ಸರ್ವ್ ಹೋಗುತ್ತದೆ ಅಷ್ಟೇ. ಎದುರಿನವರು ಸರ್ವ್ ಮಾಡುವಾಗ ನೀವು ತಪ್ಪಿದರೆ ಅವರಿಗೆ ಪಾಯಿಂಟೇ ಹೋಗುತ್ತದೆ. ಹಾಗಾಗಿ ದೋರೆಗಾಯಿಗಳನ್ನು ಪರೀಕ್ಷೆ ಮಾಡಲು ಒಳ್ಳೆಯ ಹೊತ್ತು ನಿಮ್ಮ ಸರ್ವ್, ಅದರಲ್ಲೂ ಮೊದಲ ಸರ್ವರ್ ಆಡುತ್ತಿರುವಾಗ. ಸೋತರೂ ಎರಡನೆಯವರ ಸರ್ವ್ ಉಳಿದಿರುತ್ತದೆ. ಆಟದ ಶುರುವಿನಲ್ಲಿ ಮಾತ್ರ ಈ ಅನುಕೂಲ ಇಲ್ಲ, ಯಾಕೆಂದರೆ ಮೊದಲು ಸರ್ವ್ ಮಾಡುವ ಜೋಡಿಗೆ 0-0-2ರಿಂದ (ಕೊನೆಯ ಅಂಕಿ ಎಷ್ಟನೇ ಸರ್ವರ್ ಅನ್ನುವುದು) ಒಬ್ಬರದ್ದೇ ಸರ್ವ್. ಪ್ರತಿ ರ‍್ಯಾಲಿಗೂ ಪಾಯಿಂಟ್ ಕೊಡುವ ಪದ್ಧತಿಯಲ್ಲಿ ಆಡುತ್ತಿದ್ದರೆ ಈ ಲೆಕ್ಕ ಬಿಟ್ಟುಬಿಡಿ.

ಸತತವಾಗಿ ಮೂರು ಪಾಯಿಂಟ್ ಹೋದಾಗ ಕೈ ಆತುರ ಪಡುತ್ತದೆ. ಆಗ ಟೈಮ್ ಔಟ್ ತೆಗೆದುಕೊಳ್ಳಿ. ಮುಂದಿನ ರ‍್ಯಾಲಿಯಲ್ಲಿ ಹಣ್ಣು ಬಿಟ್ಟು ಬೇರೇನೂ ಹೊಡೆಯುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಂಡು ಒಳಗೆ ಬನ್ನಿ.

ಎರಡು ಅಭ್ಯಾಸ

ಓದಿದ್ದು ಕೈಗೆ ಇಳಿಯಲು ಅಭ್ಯಾಸ ಬೇಕು. ಮೊದಲನೆಯದಕ್ಕೆ ಇಬ್ಬರು ಸಾಕು. ಒಬ್ಬರು ಕಿಚನ್ ಗೆರೆಯಲ್ಲಿ ನಿಂತು ಬೇಕಾದ ಹಾಗೆ ಹೊಡೆಯಲಿ. ಇನ್ನೊಬ್ಬರು ಬೇಸ್‌ಲೈನ್ ಮತ್ತು ಗೆರೆಯ ನಡುವೆ ನಿಂತು ರಿಸೆಟ್ ಮಾತ್ರ ಮಾಡುತ್ತಾ ಮುಂದೆ ಬರಲಿ. ಅರ್ಧ ಕೋರ್ಟ್ ಸಾಕು. 11 ಪಾಯಿಂಟ್ ಆದ ಮೇಲೆ ಜಾಗ ಬದಲಿಸಿ. ಹೊಡೆಯುವವರು ಗುರಿ ಕಲಿಯುತ್ತಾರೆ, ಇನ್ನೊಬ್ಬರು ಕೈ ಸಡಿಲ ಬಿಡುವುದು ಕಲಿಯುತ್ತಾರೆ.

ಎರಡನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು. ನಾಲ್ಕು ಜನ ಡಿಂಕ್ ಆಡುತ್ತಾ, ಬಾಲ್ ನೆಟ್ ದಾಟಿದ ಕ್ಷಣ ಅದನ್ನು ಆಡಬೇಕಾದವರು ಜೋರಾಗಿ ಕೂಗಬೇಕು: "ಕಾಯಿ" ಅಥವಾ "ಹಣ್ಣು". ಅನುಮಾನ ಇದ್ದರೆ "ಕಾಯಿ" ಅನ್ನಬೇಕು. ಕೂಗಿದ ಹಾಗೇ ಆಡಬೇಕು. "ಕಾಯಿ" ಅಂದು ಹೊಡೆದರೆ, ಅಥವಾ "ಹಣ್ಣು" ಅಂದು ಮೆತ್ತಗೆ ಕೊಟ್ಟರೆ, ರ‍್ಯಾಲಿ ಗೆದ್ದರೂ ಪಾಯಿಂಟ್ ಎದುರಿನವರಿಗೆ. ಮೊದಮೊದಲು ಹೊಡೆದಾದ ಮೇಲೆ ಕೂಗು ಹೊರಡುತ್ತದೆ. ವಾರಕ್ಕೆ ಎರಡು ಮೂರು ಸಲ, ಆಟಕ್ಕೆ ಮೊದಲು ಹತ್ತು ನಿಮಿಷ ಮಾಡಿ. ಹೊಡೆತಕ್ಕಿಂತ ಕೂಗು ಮುಂಚೆ ಬರುವವರೆಗೆ ಇದನ್ನು ಬಿಡಬೇಡಿ.